ಕಂದು ಬಣ್ಣದ ಲೆಕ್ಕ

2016ರ ಆಗಸ್ಟ್ 5, ಶುಕ್ರವಾರ. ಅಮೆರಿಕದ ಔಷಧ ಕಂಪನಿ ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಅಂದು ಒಂದು ಪುಟ್ಟ ಪ್ರಕಟಣೆ ಹೊರಡಿಸಿತು. ಶ್ವಾಸಕೋಶದ ಕ್ಯಾನ್ಸರ್ ಹರಡಿರುವ ರೋಗಿಗಳಿಗೆ ಕಿಮೊಥೆರಪಿಯ ಬದಲು ಮೊದಲ ಚಿಕಿತ್ಸೆಯಾಗಿಯೇ ತನ್ನ ನಿವೊಲುಮ್ಯಾಬ್ ಕೊಟ್ಟು ನೋಡಿದ ‘ಚೆಕ್‌ಮೇಟ್-026’ ಪ್ರಯೋಗ ಗುರಿ ಮುಟ್ಟಲಿಲ್ಲ ಎಂಬುದು ಅದರ ಸಾರ. ಷೇರುಪೇಟೆ ಮುಚ್ಚುವಷ್ಟರಲ್ಲಿ ಕಂಪನಿಯ ಷೇರು ಸುಮಾರು ಶೇ. 16ರಷ್ಟು ಬಿದ್ದಿತ್ತು.

ಇದಕ್ಕೆ ಏಳು ವಾರ ಮೊದಲು, ಜೂನ್ 16ರಂದು, ಎದುರಾಳಿ ಕಂಪನಿ ಮೆರ್ಕ್ ಹಬ್ಬ ಮಾಡಿಕೊಂಡಿತ್ತು. ಅದರ ಪೆಂಬ್ರೊಲಿಜುಮ್ಯಾಬ್ ಹೆಚ್ಚುಕಡಿಮೆ ಅಂಥದ್ದೇ ರೋಗಿಗಳಲ್ಲಿ ಕಿಮೊವನ್ನು ಸೋಲಿಸಿತ್ತು. ರೋಗ ಮತ್ತೆ ಬೆಳೆಯುವವರೆಗಿನ ಅವಧಿ ಕಿಮೊ ಪಡೆದವರಲ್ಲಿ 6 ತಿಂಗಳು, ಈ ಔಷಧಿ ಪಡೆದವರಲ್ಲಿ 10.3 ತಿಂಗಳು. ಎರಡೂ ಔಷಧಿಗಳು ಅಣ್ಣತಮ್ಮಂದಿರಂಥವು. ಎರಡೂ ಪ್ರತಿಕಾಯಗಳೇ. ಎರಡೂ ಹೋಗಿ ಅಂಟುವುದು ನಮ್ಮ ದೇಹದ ರಕ್ಷಣಾ ಪಡೆಯ ಟಿ ಕೋಶಗಳ ಮೇಲಿರುವ ಪಿಡಿ-1 ಎಂಬ ಒಂದೇ ಪ್ರೋಟೀನಿಗೆ. ಅದಕ್ಕೂ ಮಿಗಿಲಾಗಿ, ಓಟದಲ್ಲಿ ಮುಂದಿದ್ದದ್ದು ನಿವೊಲುಮ್ಯಾಬ್. ಕಿಮೊ ಫಲಿಸದವರಿಗೆ ಕೊಡಲು ಅದಕ್ಕೆ 2015ರ ಮಾರ್ಚಿನಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ಅದನ್ನು ಬರೆದುಕೊಡಲು ವೈದ್ಯರು ಯಾವ ಪರೀಕ್ಷೆಯನ್ನೂ ಮಾಡಿಸಬೇಕಾಗಿರಲಿಲ್ಲ.

ಎದ್ದು ಕಾಣುತ್ತಿದ್ದ ವ್ಯತ್ಯಾಸ ಒಂದು ಸಂಖ್ಯೆಯದು. ಗಡ್ಡೆಯ ಜೀವಕೋಶಗಳಲ್ಲಿ ಕನಿಷ್ಠ ಶೇ. 50ರಷ್ಟು ಪಿಡಿ-ಎಲ್1 ಎಂಬ ಪ್ರೋಟೀನನ್ನು ತೋರಿಸಿದವರನ್ನು ಮಾತ್ರ ಮೆರ್ಕ್ ಸೇರಿಸಿಕೊಂಡಿತ್ತು. ಬ್ರಿಸ್ಟಲ್ ತನ್ನ ಸೋಲುಗೆಲುವನ್ನು ಶೇ. 5 ದಾಟಿದವರಲ್ಲಿ ಅಳೆಯಲು ಹೊರಟಿತ್ತು. ಹೆಚ್ಚು ರೋಗಿಗಳು, ಹೆಚ್ಚು ದೊಡ್ಡ ಮಾರುಕಟ್ಟೆ. ಆಸೆ ಹೆಚ್ಚಾಯಿತು ಎಂದು ಅಂದು ಎಲ್ಲರೂ ಬರೆದರು. ಆದರೆ ಆ ಶೇ. 5, ಶೇ. 50 ಎಂಬ ಅಂಕಿಗಳು ಹುಟ್ಟುವುದಾದರೂ ಎಲ್ಲಿ, ಎಣಿಸುವವರು ಯಾರು, ಎಣಿಸಿದ್ದು ಇಡೀ ಗಡ್ಡೆಯ ಮಾತೋ ಅದರ ಒಂದು ಮೂಲೆಯ ಮಾತೋ ಎಂಬ ಪ್ರಶ್ನೆ ಷೇರುಪೇಟೆಯಾಚೆ ಪ್ರಯೋಗಶಾಲೆಗಳಲ್ಲಿ ಅಷ್ಟರಲ್ಲೇ ಎದ್ದಿತ್ತು. ಶ್ವಾಸಕೋಶದ ಕ್ಯಾನ್ಸರಿನ ಇತ್ತೀಚಿನ ಇತಿಹಾಸದಲ್ಲಿ ನನಗೆ ಕುತೂಹಲ ಹುಟ್ಟಿಸುವುದು ಔಷಧಿಗಳ ಗೆಲುವಿಗಿಂತ ಈ ಪ್ರಶ್ನೆಯೇ.

ಅಂಕಿ ಹುಟ್ಟುವ ಜಾಗ ಒಂದು ಗಾಜಿನ ಸ್ಲೈಡ್. ಸಿ.ಟಿ. ನೋಡುತ್ತಾ ಎದೆಗೂಡಿನೊಳಗೆ ಸೂಜಿ ಇಳಿಸಿ ತೆಗೆದ ಬಯಾಪ್ಸಿ ಅಂದರೆ ಸುಮಾರು ಒಂದು ಮಿಲಿಮೀಟರ್ ದಪ್ಪದ, ಒಂದು ಸೆಂಟಿಮೀಟರಿನ ಆಸುಪಾಸು ಉದ್ದದ ಎಳೆ. ಬ್ರಾಂಕೊಸ್ಕೋಪಿಯ ಚಿಮಟದಿಂದ ಕಿತ್ತು ತಂದದ್ದಾದರೆ ಇನ್ನೂ ಚಿಕ್ಕದು. ಆ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಿ, ನೀರಿನಂಶ ತೆಗೆದು, ಪ್ಯಾರಾಫಿನ್ ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುತ್ತಾರೆ. ಬ್ಲಾಕ್‌ನಿಂದ ಒಂದು ಮಿಲಿಮೀಟರಿನ ಇನ್ನೂರೈವತ್ತರಲ್ಲಿ ಒಂದು ಪಾಲಿನಷ್ಟು ತೆಳುವಾಗಿ ಸೀಳಿದ ಪದರ ಸ್ಲೈಡಿನ ಮೇಲೆ ಕೂರುತ್ತದೆ. ಅದರ ಮೇಲೆ ಪಿಡಿ-ಎಲ್1ಗೆ ಅಂಟುವ ಪ್ರತಿಕಾಯ ಸುರಿದು, ಅಂಟಿದ ಕಡೆ ಬಣ್ಣ ಬರುವಂತೆ ರಾಸಾಯನಿಕ ಹಾಕುತ್ತಾರೆ. ಸೂಕ್ಷ್ಮದರ್ಶಕದಡಿ ಕೋಶಕೇಂದ್ರಗಳು ನೀಲಿ. ಪಿಡಿ-ಎಲ್1 ಇರುವ ಕೋಶದ ಅಂಚು ಕಂದು.

ಇನ್ನು ಎಣಿಕೆ. ಮೆರ್ಕ್ ಔಷಧಿಗೆ ಜೋಡಿಸಿದ ‘22ಸಿ3’ ಪರೀಕ್ಷೆಯ ನಿಯಮದಂತೆ ಕನಿಷ್ಠ 100 ಜೀವಂತ ಕ್ಯಾನ್ಸರ್ ಕೋಶಗಳು ಕಣ್ಣಿಗೆ ಸಿಗಬೇಕು. ಅಂಚು ಪೂರ್ತಿ ಕಂದಾಗಿರಲಿ, ಅರ್ಧ ಕಂದಾಗಿರಲಿ, ಬಣ್ಣ ಗಾಢವಿರಲಿ, ತೆಳುವಿರಲಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಶ್ವಾಸಕೋಶದಲ್ಲಿ ಧೂಳು, ಹೊಗೆ ನುಂಗಿ ಕುಳಿತ ಮ್ಯಾಕ್ರೊಫೇಜ್ ಕೋಶಗಳೂ ಪಿಡಿ-ಎಲ್1 ತೋರಿಸುತ್ತವೆ. ಗಡ್ಡೆಯ ಕೋಶಗಳ ನಡುವೆ ನುಸುಳಿಕೊಂಡ ಅವನ್ನು ಕ್ಯಾನ್ಸರ್ ಎಂದು ಎಣಿಸಿಬಿಟ್ಟರೆ ಶೇ. 5 ಶೇ. 20 ಆಗಿಬಿಡುತ್ತದೆ. ಬಣ್ಣ ಸರಿಯಾಗಿ ಬಂದಿದೆಯೇ ಎಂದು ನೋಡಲು ಪಕ್ಕದಲ್ಲಿ ಟಾನ್ಸಿಲ್‌ನ ಸ್ಲೈಡ್ ಇಟ್ಟುಕೊಳ್ಳುವ ರೂಢಿಯಿದೆ. ಟಾನ್ಸಿಲ್‌ನ ಒಳಮಡಿಕೆಗಳ ಪದರ ಗಾಢ ಕಂದಾಗಬೇಕು, ಆಗದಿದ್ದರೆ ಅವತ್ತಿನ ಇಡೀ ಪರೀಕ್ಷೆಯೇ ಅನುಮಾನ. ಇಷ್ಟಾದ ಮೇಲೆ ಪ್ಯಾಥಾಲಜಿಸ್ಟ್ ಒಂದು ಸಂಖ್ಯೆ ಬರೆಯುತ್ತಾರೆ. ಲಕ್ಷಾಂತರ ರೂಪಾಯಿಯ ಔಷಧಿ ಸಿಗುವುದೂ ಸಿಗದಿರುವುದೂ ಆ ಸಂಖ್ಯೆಯ ಮೇಲೆ ನಿಂತಿರುತ್ತದೆ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಬಯಾಪ್ಸಿಯ ತರ್ಕವೂ ಅದೇ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವವರೆಗೆ ಆ ತರ್ಕ ಚೆನ್ನಾಗಿಯೇ ನಡೆಯಿತು. ಯಾವ ಔಷಧಿ ಕೊಡಬೇಕು ಎಂದು ಅದೇ ಚೂರನ್ನು ಕೇಳತೊಡಗಿದಾಗ ಕಷ್ಟ ಶುರುವಾಯಿತು.

ಹಾಗೆ ಕೇಳುವ ಕಾಲ ಆರಂಭವಾದದ್ದು ಗೆಫಿಟಿನಿಬ್ ಗುಳಿಗೆಯಿಂದ. ಜಪಾನ್ 2002ರ ಜುಲೈನಲ್ಲಿ ಅದಕ್ಕೆ ಎಲ್ಲರಿಗಿಂತ ಮೊದಲು ಅನುಮತಿ ಕೊಟ್ಟಿತು, ಅಮೆರಿಕ 2003ರ ಮೇ ತಿಂಗಳಲ್ಲಿ. ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗಷ್ಟೇ ಗಡ್ಡೆ ಕುಗ್ಗಿತು. ಆದರೆ ಕುಗ್ಗಿದವರಲ್ಲಿ ಕೆಲವರದು ಪವಾಡ ಎನ್ನುವಂತೆ ಕುಗ್ಗಿತು, ಆಮ್ಲಜನಕದ ಸಿಲಿಂಡರ್ ಹಿಡಿದು ಬಂದವರು ನಡೆದುಕೊಂಡು ಹೋಗುವಂತಾಯಿತು. ಅವರಲ್ಲಿ ಹೆಂಗಸರು, ಬೀಡಿ-ಸಿಗರೇಟು ಮುಟ್ಟದವರು, ಏಷ್ಯಾದವರು ಹೆಚ್ಚು. ಏಕೆಂದು ಯಾರಿಗೂ ತಿಳಿಯದು. ಗೆಫಿಟಿನಿಬ್ ತಡೆಯುವುದು ಇಜಿಎಫ್‌ಆರ್ ಎಂಬ ಪ್ರೋಟೀನನ್ನು. ಆ ಪ್ರೋಟೀನು ಹೆಚ್ಚಿದ್ದವರಿಗೆ ಗುಳಿಗೆ ಹೆಚ್ಚು ಫಲಿಸಬೇಕು ಎಂದು ಊಹಿಸುವುದು ಸಹಜವೇ. ಸ್ಲೈಡುಗಳಿಗೆ ಬಣ್ಣ ಹಾಕಿ ನೋಡಿದರು. ಕಂದು ಬಣ್ಣ ಹೇರಳವಾಗಿ ಕಂಡಿತು, ಗುಳಿಗೆ ಫಲಿಸಿದವರಲ್ಲೂ ಫಲಿಸದವರಲ್ಲೂ.

ಉತ್ತರ ಬಂದದ್ದು 2004ರ ಏಪ್ರಿಲ್ ಕೊನೆಯಲ್ಲಿ, ಬಾಸ್ಟನ್ ನಗರದ ಎರಡು ತಂಡಗಳಿಂದ ಏಕಕಾಲಕ್ಕೆ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಥಾಮಸ್ ಲಿಂಚ್, ಡೇನಿಯಲ್ ಹೇಬರ್ ಮತ್ತು ಸಂಗಡಿಗರು ಗುಳಿಗೆ ಫಲಿಸಿದ 9 ಮಂದಿಯ ಗಡ್ಡೆಯಲ್ಲಿ ಇಜಿಎಫ್‌ಆರ್ ಜೀನನ್ನು ಓದಿದರು. ಎಂಟರಲ್ಲಿ ಮ್ಯುಟೇಶನ್ ಇತ್ತು. ಫಲಿಸದ 7 ಮಂದಿಯಲ್ಲಿ ಒಬ್ಬರಲ್ಲೂ ಇರಲಿಲ್ಲ. ಡೇನಾ-ಫಾರ್ಬರ್ ಸಂಸ್ಥೆಯ ಮ್ಯಾಥ್ಯೂ ಮೆಯರ್ಸನ್ ಅವರ ತಂಡ ಬೇರೆ ದಾರಿಯಲ್ಲಿ ಬಂದು ಇದೇ ಜಾಗ ಮುಟ್ಟಿತ್ತು. ಕೆಲವೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ವಿಲಿಯಂ ಪಾವ್ ಮತ್ತು ಹೆರಾಲ್ಡ್ ವಾರ್ಮಸ್ ಅವರ ವರದಿಯೂ ಬಂತು. ಪ್ರೋಟೀನು ಎಷ್ಟಿದೆ ಎಂಬುದಲ್ಲ, ಅದರ ಜೀನು ಕೆಟ್ಟಿದೆಯೇ ಎಂಬುದೇ ಪ್ರಶ್ನೆ ಎಂದಾಯಿತು.

ವಾದ ಅಲ್ಲಿಗೇ ನಿಲ್ಲಲಿಲ್ಲ. ಜೀನಿನ ಪ್ರತಿಗಳನ್ನು ಎಣಿಸಬೇಕು ಎಂದವರು, ಪ್ರೋಟೀನನ್ನೇ ಹಿಡಿದು ಕುಳಿತವರು ಇನ್ನೂ ಕೆಲ ವರ್ಷ ಜಗ್ಗಾಡಿದರು. 2009ರಲ್ಲಿ ಹಾಂಗ್‌ಕಾಂಗಿನ ಟೋನಿ ಮೋಕ್ ಮುನ್ನಡೆಸಿದ ‘ಐಪಾಸ್’ ಪ್ರಯೋಗ ಬಾಯಿ ಮುಚ್ಚಿಸಿತು. ಪೂರ್ವ ಏಷ್ಯಾದ 1,217 ರೋಗಿಗಳು. ಮ್ಯುಟೇಶನ್ ಇದ್ದವರಿಗೆ ಗೆಫಿಟಿನಿಬ್ ಕಿಮೊಗಿಂತ ಬಹಳ ಮೇಲು. ಇಲ್ಲದವರಿಗೆ ಕಿಮೊಗಿಂತ ಬಹಳ ಕೀಳು. ಪರೀಕ್ಷೆ ಮಾಡದೆ ಗುಳಿಗೆ ಕೊಡುವುದು ಅಪಾಯ ಎಂದು ಅಂದಿನಿಂದ ಸಿದ್ಧವಾಯಿತು. ಈ ಪಾಠವನ್ನು ಮುಂದಿನ ದಶಕದವರು ಅರ್ಧ ಮಾತ್ರ ನೆನಪಿಟ್ಟುಕೊಂಡರು ಎಂಬುದು ನನ್ನ ಅನಿಸಿಕೆ. ಗುರುತು ನೋಡಿ ಔಷಧಿ ಕೊಡಬೇಕು ಎಂಬುದು ನೆನಪಿತ್ತು. ಪ್ರೋಟೀನಿನ ಬಣ್ಣ ಒಮ್ಮೆ ಕೈಕೊಟ್ಟಿತ್ತು ಎಂಬುದು ಮರೆತಿತ್ತು.

ಪಿಡಿ-1 ಕತೆಯ ಮೂಲ ಜಪಾನಿನ ಕ್ಯೋಟೊ. ಅಲ್ಲಿ ತಸುಕು ಹೊಂಜೊ ಅವರ ಪ್ರಯೋಗಶಾಲೆ 1992ರಲ್ಲಿ ಈ ಜೀನನ್ನು ಕಂಡುಹಿಡಿಯಿತು. ಟಿ ಕೋಶದ ಬ್ರೇಕ್ ಇದು ಎಂಬುದು ತಿಳಿಯಲು ಕೆಲವು ವರ್ಷ ಹಿಡಿಯಿತು. ಬ್ರೇಕನ್ನು ಒತ್ತುವ ಜೊತೆಗಾರ ಪ್ರೋಟೀನನ್ನು ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಲೀಪಿಂಗ್ ಚೆನ್ 1999ರಲ್ಲಿ ಬೇರೊಂದು ಹೆಸರಿನಲ್ಲಿ ವರ್ಣಿಸಿದ್ದರು. ಅದೇ ಪಿಡಿ-ಎಲ್1. ಕ್ಯಾನ್ಸರ್ ಕೋಶಗಳು ಇದನ್ನು ಮೈಮೇಲೆ ಹೊದ್ದು, ಕೊಲ್ಲಲು ಬಂದ ಟಿ ಕೋಶವನ್ನು ಅಲ್ಲೇ ನಿಲ್ಲಿಸುತ್ತವೆ. 2018ರಲ್ಲಿ ಹೊಂಜೊ ಅವರು ಜೇಮ್ಸ್ ಆಲಿಸನ್ ಜೊತೆ ನೊಬೆಲ್ ಹಂಚಿಕೊಂಡರು.

ಬಣ್ಣ ನೋಡಿ ರೋಗಿಯನ್ನು ಆರಿಸುವ ಯೋಚನೆ ಗಟ್ಟಿಯಾದದ್ದು 2012ರಲ್ಲಿ, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿದ್ದ ಸುಜಾನ್ ಟೊಪಾಲಿಯನ್ ಮತ್ತು ಸಂಗಡಿಗರ ವರದಿಯಿಂದ. ನಿವೊಲುಮ್ಯಾಬ್ ಪಡೆದವರಲ್ಲಿ 42 ಮಂದಿಯ ಗಡ್ಡೆಯನ್ನು ಪಿಡಿ-ಎಲ್1ಗೆ ಪರೀಕ್ಷಿಸಿದ್ದರು. ಬಣ್ಣ ಬಂದ 25ರಲ್ಲಿ 9 ಮಂದಿಗೆ ಔಷಧಿ ಫಲಿಸಿತು. ಬಣ್ಣ ಬಾರದ 17ರಲ್ಲಿ ಒಬ್ಬರಿಗೂ ಇಲ್ಲ. ಸೊನ್ನೆಗೆ ಒಂದು ಮಾಯೆಯಿದೆ, ಓದಿದವರ ತಲೆಯಲ್ಲಿ ಗೆರೆ ಎಳೆದುಬಿಡುತ್ತದೆ. ಮುಂದೆ ದೊಡ್ಡ ಪ್ರಯೋಗಗಳಲ್ಲಿ ಬಣ್ಣವಿಲ್ಲದ ಕೆಲವರಿಗೂ ಔಷಧಿ ಫಲಿಸಿದ್ದನ್ನು ಕಂಡಾಗ ಆ ಗೆರೆ ಅಲುಗಿತು.

ಅದೇ ವರ್ಷ ಅದೇ ಊರಿನಿಂದ, ಪ್ಯಾಥಾಲಜಿಸ್ಟ್ ಜ್ಯಾನಿಸ್ ಟೌಬ್ ಅವರಿಂದ ಇನ್ನೊಂದು ವರದಿ ಬಂತು. ಅದರ ವಿಷಯ ಚರ್ಮದ ಮೆಲನೋಮ ಕ್ಯಾನ್ಸರ್. ಸುದ್ದಿ ಮಾಡಿದ್ದು ಮೊದಲನೆಯದು, ಆದರೆ ಗಡ್ಡೆಯೊಳಗಿನ ಏರುಪೇರು ಅರ್ಥವಾಗಬೇಕಾದರೆ ಓದಬೇಕಾದದ್ದು ಎರಡನೆಯದು. ಕಂದು ಬಣ್ಣ ಗಡ್ಡೆಯ ತುಂಬ ಹರಡಿರಲಿಲ್ಲ. ಟಿ ಕೋಶಗಳು ಬಂದು ಮುತ್ತಿದ ಗಡಿಯಲ್ಲೇ ಅದು ದಟ್ಟವಾಗಿತ್ತು. ಕಾರಣ ಹೀಗೆ: ದಾಳಿ ಮಾಡುವ ಟಿ ಕೋಶ ಗ್ಯಾಮಾ ಇಂಟರ್‌ಫೆರಾನ್ ಎಂಬ ರಸವನ್ನು ಚೆಲ್ಲುತ್ತದೆ. ಅದು ತಗುಲಿದ ಅಕ್ಕಪಕ್ಕದ ಕ್ಯಾನ್ಸರ್ ಕೋಶಗಳು ಪಿಡಿ-ಎಲ್1 ಮೈಮೇಲೆ ಹಾಕಿಕೊಳ್ಳುತ್ತವೆ. ದಾಳಿಯಿಲ್ಲದ ಕಡೆ ಹಾಕಿಕೊಳ್ಳುವ ಅಗತ್ಯ ಅವಕ್ಕಿಲ್ಲ.

ಶ್ವಾಸಕೋಶದಲ್ಲೂ ಇದು ನಡೆಯುತ್ತದೆ, ಜೊತೆಗೆ ಇನ್ನೊಂದು ಬಗೆಯೂ ಇದೆ. ಕೆಲವು ಗಡ್ಡೆಗಳಲ್ಲಿ 9ನೇ ಕ್ರೋಮೊಸೋಮಿನ ಮೇಲಿರುವ ಪಿಡಿ-ಎಲ್1 ಜೀನೇ ಹಲವು ಪ್ರತಿಗಳಾಗಿ ಹೆಚ್ಚಿರುತ್ತದೆ. ಅಲ್ಲಿ ಟಿ ಕೋಶ ಬರಲಿ ಬಿಡಲಿ, ಕಂದು ಬಣ್ಣ ಎಲ್ಲ ಕಡೆ. ಹೀಗೆ ಎರಡು ಬೇರೆ ಬೇರೆ ಕಾರಣಗಳು ಒಂದೇ ಬಣ್ಣವಾಗಿ ಕಾಣುತ್ತವೆ. ಮೊದಲನೇ ಬಗೆಯ ಗಡ್ಡೆಯಲ್ಲಿ ಸೂಜಿ ಅಂಚಿಗೆ ಬಿದ್ದರೆ ಶೇ. 60, ನಡುವಿಗೆ ಬಿದ್ದರೆ ಶೇ. 2 ಬರುವುದು ಅಸಾಧ್ಯವೇನಲ್ಲ. ಸೂಜಿ ಹಾಕುವ ವೈದ್ಯರು ರಕ್ತನಾಳ ತಪ್ಪಿಸಿ, ಪಕ್ಕೆಲುಬು ತಪ್ಪಿಸಿ, ಶ್ವಾಸಕೋಶ ಒಡೆಯದಂತೆ ಎಲ್ಲಿ ಸಾಧ್ಯವೋ ಅಲ್ಲಿ ಚುಚ್ಚುತ್ತಾರೆ. ಟಿ ಕೋಶಗಳ ಗಡಿ ಸಿ.ಟಿ.ಯಲ್ಲಿ ಕಾಣುವುದಿಲ್ಲ.

ಇದನ್ನು ಅಳೆದು ತೋರಿಸಿದವರಲ್ಲಿ ಫ್ರಾನ್ಸಿನ ನೀಸ್ ನಗರದವರು ಪ್ರಮುಖರು. ಮರಿಯಸ್ ಇಲಿಯೆ, ಪಾಲ್ ಹಾಫ್‌ಮನ್ ಮತ್ತು ಸಂಗಡಿಗರು 2016ರಲ್ಲಿ 160 ರೋಗಿಗಳ ಲೆಕ್ಕ ಕೊಟ್ಟರು. ಪ್ರತಿಯೊಬ್ಬರದೂ ಮೊದಲು ತೆಗೆದ ಬಯಾಪ್ಸಿ, ಆಮೇಲೆ ಶಸ್ತ್ರಚಿಕಿತ್ಸೆಯಲ್ಲಿ ಹೊರಬಂದ ಗಡ್ಡೆ, ಎರಡಕ್ಕೂ ಒಂದೇ ‘ಎಸ್‌ಪಿ142’ ಪ್ರತಿಕಾಯದ ಬಣ್ಣ. ಶೇ. 48 ರೋಗಿಗಳಲ್ಲಿ ಎರಡರ ಉತ್ತರ ಹೊಂದಲಿಲ್ಲ. ತಪ್ಪಿದ ಕಡೆಯೆಲ್ಲ ಬಯಾಪ್ಸಿ ಕಡಿಮೆ ಹೇಳಿತ್ತು, ಜಾಸ್ತಿ ಹೇಳಿರಲಿಲ್ಲ. ಹಾಗೆಂದು ಎಲ್ಲರಿಗೂ ಇಷ್ಟು ಕೆಟ್ಟ ಫಲಿತಾಂಶ ಬರಲಿಲ್ಲ. ಜಪಾನಿನ ಒಂದು ಅಧ್ಯಯನದಲ್ಲಿ ಬಯಾಪ್ಸಿ ಮತ್ತು ಗಡ್ಡೆ ಶೇ. 90ಕ್ಕೂ ಹೆಚ್ಚು ರೋಗಿಗಳಲ್ಲಿ ಹೊಂದಿಕೊಂಡಿದ್ದವು. ಪ್ರತಿಕಾಯ ಬೇರೆ, ಗೆರೆ ಎಳೆದ ಜಾಗ ಬೇರೆ. ಅಂದರೆ ಏರುಪೇರು ಗಡ್ಡೆಯದೆಷ್ಟು, ಪರೀಕ್ಷೆಯದೆಷ್ಟು ಎಂಬ ಹೊಸ ತಲೆನೋವು.

ಪರೀಕ್ಷೆಗಳದೂ ಒಂದು ಸಂತೆಯೇ ಆಗಿತ್ತು. ಪ್ರತಿ ಕಂಪನಿ ತನ್ನ ಔಷಧಿಗೆ ತನ್ನದೇ ಪ್ರತಿಕಾಯ, ತನ್ನದೇ ಯಂತ್ರ, ತನ್ನದೇ ಗೆರೆ ಇಟ್ಟುಕೊಂಡಿತ್ತು. ಮೆರ್ಕ್‌ಗೆ 22ಸಿ3, ಬ್ರಿಸ್ಟಲ್‌ಗೆ 28-8, ಅಸ್ಟ್ರಾಜೆನೆಕಾಗೆ ಎಸ್‌ಪಿ263, ಜೆನೆಂಟೆಕ್-ರೋಷ್‌ಗೆ ಎಸ್‌ಪಿ142. ಒಬ್ಬ ರೋಗಿಯ ಬೆರಳಗಲ ಬ್ಲಾಕ್‌ನಿಂದ ನಾಲ್ಕು ಪರೀಕ್ಷೆಗೆ ನಾಲ್ಕು ಪದರ ಸೀಳುವುದು ಯಾವ ಆಸ್ಪತ್ರೆಗೂ ಆಗದ ಮಾತು. 2015ರ ಮಾರ್ಚಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತು ಕ್ಯಾನ್ಸರ್ ತಜ್ಞರ ಸಂಘಗಳು ಕಂಪನಿಗಳನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿದವು. ಅದರ ಫಲ ‘ಬ್ಲೂಪ್ರಿಂಟ್’ ಯೋಜನೆ. ಪೈಪೋಟಿಯಲ್ಲಿರುವ ಕಂಪನಿಗಳು ತಮ್ಮ ಸರಕನ್ನು ಒಂದೇ ತಕ್ಕಡಿಯಲ್ಲಿ ಹಾಕಲು ಒಪ್ಪುವುದು ಔಷಧೋದ್ಯಮದಲ್ಲಿ ದಿನಾ ನಡೆಯುವುದಲ್ಲ. ಫ್ರೆಡ್ ಹರ್ಷ್ ಮುಂದಾಳುತನದ ಮೊದಲ ಹಂತದ ವರದಿ 2017ರ ಆರಂಭದಲ್ಲಿ ಅಚ್ಚಾಯಿತು. ಮೂರು ಪರೀಕ್ಷೆಗಳು ಗಡ್ಡೆಯ ಕೋಶಗಳನ್ನು ಹೆಚ್ಚುಕಡಿಮೆ ಒಂದೇ ತೆರನಾಗಿ ತೋರಿಸಿದವು, ಎಸ್‌ಪಿ142 ಮಾತ್ರ ಕಡಿಮೆ ಕೋಶಗಳಿಗೆ ಬಣ್ಣ ಹಾಕಿತು. ಹೋಲಿಸಿದ 38 ಗಡ್ಡೆಗಳಲ್ಲಿ 14ರ ಹಣೆಬರಹ ಯಾವ ಪರೀಕ್ಷೆ, ಯಾವ ಗೆರೆ ಎಂಬುದರ ಮೇಲೆ ಬದಲಾಗುತ್ತಿತ್ತು. ನೀಸ್‌ನ ಕಳಪೆ ಫಲಿತಾಂಶದಲ್ಲಿ ಎಸ್‌ಪಿ142ರ ಪಾಲೂ ಇತ್ತು ಎಂದು ಈಗ ಹಿಂತಿರುಗಿ ನೋಡಿದರೆ ಅನುಮಾನಿಸಬಹುದು.

ಎರಡನೇ ಹಂತದಲ್ಲಿ ಎಣಿಸುವವರನ್ನೇ ಪರೀಕ್ಷೆಗೆ ಒಡ್ಡಿದರು. ಗಡ್ಡೆಯ ಕೋಶಗಳ ಎಣಿಕೆಯಲ್ಲಿ ಬೇರೆ ಬೇರೆ ದೇಶಗಳ ಪ್ಯಾಥಾಲಜಿಸ್ಟರು ಚೆನ್ನಾಗಿಯೇ ಹೊಂದಿಕೊಂಡರು. ಗಡ್ಡೆಯೊಳಗೆ ಬಂದು ಕೂತ ರಕ್ಷಣಾ ಕೋಶಗಳನ್ನು ಎಣಿಸಿ ಎಂದಾಗ ಮಾತ್ರ ಒಬ್ಬರದಕ್ಕೆ ಇನ್ನೊಬ್ಬರದು ತಾಳೆಯಾಗಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡೇವಿಡ್ ರಿಮ್ 13 ಪ್ಯಾಥಾಲಜಿಸ್ಟರೊಂದಿಗೆ ನಡೆಸಿದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳಿತು. ದೂರು ಕಣ್ಣಿನ ಮೇಲಲ್ಲ. ಎಣಿಸಲು ಹೇಳಿದ ವಸ್ತುವೇ ಎಣಿಕೆಗೆ ಒಗ್ಗುವಂಥದ್ದಾಗಿರಲಿಲ್ಲ.

ಇತ್ತ ಪ್ರೋಟೀನಿನ ಪಂಚಾಯಿತಿ ನಡೆಯುತ್ತಿದ್ದಾಗ, ಲಂಡನ್ನಿನಲ್ಲಿ ಚಾರ್ಲ್ಸ್ ಸ್ವಾಂಟನ್ ಜೀನುಗಳ ಕಡೆಯಿಂದ ಅದೇ ಪ್ರಶ್ನೆ ಕೇಳುತ್ತಿದ್ದರು. ಕ್ಯಾನ್ಸರ್ ಒಂದು ಕೋಶದಿಂದ ಹುಟ್ಟಿ, ವಿಕಾಸವಾಗುತ್ತಾ ಕವಲೊಡೆಯುತ್ತದೆ ಎಂದು ಪೀಟರ್ ನೊವೆಲ್ 1976ರಲ್ಲೇ ವಾದಿಸಿದ್ದರು. ಕಣ್ಣಾರೆ ತೋರಿಸುವ ಉಪಕರಣ ಆಗ ಇರಲಿಲ್ಲ. 2012ರಲ್ಲಿ ಸ್ವಾಂಟನ್ ತಂಡ ಮೂತ್ರಪಿಂಡದ ಗಡ್ಡೆಯೊಂದನ್ನು ಹಲವು ಕಡೆ ಕೊಯ್ದು ಪ್ರತಿ ತುಣುಕಿನ ಡಿಎನ್‌ಎ ಓದಿತು. ಮೂರರಲ್ಲಿ ಸುಮಾರು ಎರಡು ಪಾಲು ಮ್ಯುಟೇಶನ್‌ಗಳು ಎಲ್ಲ ತುಣುಕುಗಳಲ್ಲಿ ಇರಲೇ ಇಲ್ಲ. ಒಂದು ಬಯಾಪ್ಸಿ ನೋಡಿ ಔಷಧಿ ಬರೆಯುವ ಇಡೀ ಪದ್ಧತಿಯೇ ಕುಸಿಯಿತೇನೋ ಎಂದು ಹಲವರು ಗಾಬರಿಬಿದ್ದರು.

ಶ್ವಾಸಕೋಶದ ಸುದ್ದಿ ಅಷ್ಟು ಕೆಟ್ಟದಾಗಿರಲಿಲ್ಲ. 2014ರ ಅಕ್ಟೋಬರಿನಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ವರದಿಗಳು ಬಂದವು, ಒಂದು ಲಂಡನ್ನಿನದು, ಇನ್ನೊಂದು ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಆಸ್ಪತ್ರೆಯದು. ಹ್ಯೂಸ್ಟನ್ನಿನವರು 11 ಗಡ್ಡೆಗಳ 48 ಭಾಗಗಳನ್ನು ಓದಿದ್ದರು. ಮುಕ್ಕಾಲು ಪಾಲು ಮ್ಯುಟೇಶನ್‌ಗಳು ಗಡ್ಡೆಯ ಎಲ್ಲ ಭಾಗಗಳಲ್ಲೂ ಇದ್ದವು. ಕ್ಯಾನ್ಸರಿಗೆ ಕಾರಣವೆಂದು ಗೊತ್ತಿರುವ ಜೀನುಗಳ 21 ಮ್ಯುಟೇಶನ್‌ಗಳಲ್ಲಿ 20 ಹಾಗೆಯೇ ಇದ್ದವು.

ಅದೇ ವರ್ಷ ಏಪ್ರಿಲಿನಲ್ಲಿ ಬ್ರಿಟನ್ನಿನಲ್ಲಿ ‘ಟ್ರೇಸರ್‌ಎಕ್ಸ್’ ಶುರುವಾಗಿತ್ತು. ಶಸ್ತ್ರಚಿಕಿತ್ಸೆಯಾದ 842 ಶ್ವಾಸಕೋಶ ಕ್ಯಾನ್ಸರ್ ರೋಗಿಗಳನ್ನು ಸೇರಿಸಿ, ವರ್ಷಗಟ್ಟಲೆ ಬೆನ್ನುಹತ್ತುವುದು ಅದರ ಗುರಿ. ಮರಿಯಂ ಜಮಾಲ್-ಹಂಜಾನಿ ಮೊದಲ ಹೆಸರಾಗಿ 2017ರಲ್ಲಿ ಮೊದಲ 100 ರೋಗಿಗಳ 327 ತುಣುಕುಗಳ ಲೆಕ್ಕ ಹೊರಬಂತು. ಮ್ಯುಟೇಶನ್‌ಗಳಲ್ಲಿ ಸುಮಾರು ಶೇ. 30 ಗಡ್ಡೆಯ ಎಲ್ಲ ಕೋಶಗಳಲ್ಲಿರದೆ ಯಾವುದೋ ಕವಲಿಗೆ ಮಾತ್ರ ಸೇರಿದ್ದವು. ಕ್ರೋಮೊಸೋಮಿನ ತುಂಡುಗಳು ಹೆಚ್ಚುಕಡಿಮೆಯಾಗುವ ಬದಲಾವಣೆಗಳಲ್ಲಿ ಈ ಪ್ರಮಾಣ ಸುಮಾರು ಶೇ. 48. ಆದರೆ ಇಜಿಎಫ್‌ಆರ್‌ನಂಥ ಮುಖ್ಯ ಮ್ಯುಟೇಶನ್‌ಗಳು ಬಹುತೇಕ ಬುಡದಲ್ಲೇ ಹುಟ್ಟಿ ಗಡ್ಡೆಯ ತುಂಬ ಇದ್ದವು. ನಗೋಯಾದ ಯಸುಶಿ ಯಟಾಬೆ 2011ರಲ್ಲೇ, ಒಂದೇ ಗಡ್ಡೆಯಲ್ಲಿ ಇಜಿಎಫ್‌ಆರ್ ಮ್ಯುಟೇಶನ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರುವುದು ಅತ್ಯಪರೂಪ, ಕೆಲವೊಮ್ಮೆ ಹಾಗೆ ಕಾಣುವುದು ಪರೀಕ್ಷೆಯ ಮಿತಿಯಿಂದ ಎಂದು ವಾದಿಸಿದ್ದರು. ಆಗ ಒಪ್ಪದವರಿದ್ದರು. ಟ್ರೇಸರ್‌ಎಕ್ಸ್ ಅವರ ಪಕ್ಷಕ್ಕೆ ಬಲ ಕೊಟ್ಟಿತು.

ರೋಗ ಮರುಕಳಿಸುವುದಕ್ಕೂ ಸಾವಿಗೂ ನಂಟು ಕಂಡದ್ದು ಮ್ಯುಟೇಶನ್‌ಗಳ ಏರುಪೇರಿಗಲ್ಲ, ಕ್ರೋಮೊಸೋಮುಗಳ ಏರುಪೇರಿಗೆ. 2017ರಲ್ಲೇ ಇದೇ ತಂಡದ ನಿಕೊಲಸ್ ಮೆಕ್‌ಗ್ರಾನಹನ್ ಮತ್ತು ಸಂಗಡಿಗರು ಇನ್ನೊಂದು ಚಾಲಾಕಿತನ ಪತ್ತೆ ಮಾಡಿದರು. ಟಿ ಕೋಶಕ್ಕೆ ಒಳಗಿನ ಸುದ್ದಿ ತೋರಿಸುವ ಎಚ್‌ಎಲ್‌ಎ ಜೀನಿನ ಒಂದು ಪ್ರತಿಯನ್ನು ಶೇ. 40ರಷ್ಟು ಗಡ್ಡೆಗಳು ಕಳೆದುಕೊಂಡಿದ್ದವು, ಬಹಳಷ್ಟು ಸಲ ಯಾವುದೋ ಒಂದು ಕವಲಿನಲ್ಲಿ ಮಾತ್ರ. ಆ ಕವಲಿನ ಕೋಶಗಳು ಟಿ ಕೋಶದ ಕಣ್ಣಿಗೆ ಅರ್ಧ ಮರೆಯಾದಂತೆ. ಪಕ್ಕದ ಕವಲು ಮರೆಯಾಗಿರುವುದಿಲ್ಲ. ಒಂದೇ ಗಡ್ಡೆಯಲ್ಲಿ ಟಿ ಕೋಶಗಳು ಕಿಕ್ಕಿರಿದ ಭಾಗವೂ ಒಂದೂ ಸುಳಿಯದ ಭಾಗವೂ ಏಕಿರುತ್ತವೆ, ಕಂದು ಬಣ್ಣ ಏಕೆ ತೇಪೆ ತೇಪೆಯಾಗಿ ಬೀಳುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ. ಜೀನಿನ ಕತೆ ಮತ್ತು ಪ್ರೋಟೀನಿನ ಕತೆ ಇಲ್ಲಿ ಕೂಡಿಕೊಂಡವು. 2023ರ ಏಪ್ರಿಲ್ ಹೊತ್ತಿಗೆ ಟ್ರೇಸರ್‌ಎಕ್ಸ್ 421 ರೋಗಿಗಳ 1,644 ತುಣುಕುಗಳನ್ನು ಓದಿ ಮುಗಿಸಿತ್ತು.

ಮತ್ತೆ 2016ರ ಸೋಲಿಗೆ ಬಂದರೆ, ಶೇ. 5ರ ಗೆರೆಯೇ ಬ್ರಿಸ್ಟಲನ್ನು ಮುಳುಗಿಸಿತು ಎಂದು ಬರೆದುಬಿಟ್ಟರೆ ಕತೆ ಚೊಕ್ಕಟವಾಗಿರುತ್ತದೆ. ಮುಂದಿನ ವರ್ಷ ಪೂರ್ತಿ ವಿವರ ಅಚ್ಚಾದಾಗ ಹಾಗೆ ಕಾಣಲಿಲ್ಲ. ಶೇ. 50 ದಾಟಿದವರನ್ನಷ್ಟೇ ಬೇರ್ಪಡಿಸಿ ನೋಡಿದರೂ ನಿವೊಲುಮ್ಯಾಬ್ ಕಿಮೊವನ್ನು ಗೆದ್ದಿರಲಿಲ್ಲ. ಅಂಥ ರೋಗಿಗಳು ಎರಡು ಗುಂಪಿನಲ್ಲಿ ಸಮನಾಗಿ ಹಂಚಿಕೆಯಾಗಿರಲಿಲ್ಲ ಎಂಬುದು ಒಂದು ವಿವರಣೆ. ಮ್ಯುಟೇಶನ್‌ಗಳ ಹೊರೆ ಹೆಚ್ಚಿದ್ದ ಗಡ್ಡೆಗಳಲ್ಲಿ ಅದೇ ಔಷಧಿ ಚೆನ್ನಾಗಿ ಕೆಲಸ ಮಾಡಿದಂತೆ ಕಂಡಿತು, ಆದರೆ ಅದು ಆಟ ಮುಗಿದ ಮೇಲೆ ಹಾಕಿದ ಲೆಕ್ಕ. ಮೆರ್ಕ್‌ಗೆ 2016ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು, ಶೇ. 50ರ ಗೆರೆ ಜಗತ್ತಿನ ಆಸ್ಪತ್ರೆಗಳಲ್ಲಿ ರೂಢಿಗೆ ಬಂತು. ಆ ಗೆರೆಯೇನೂ ಪ್ರಕೃತಿ ಎಳೆದದ್ದಲ್ಲ. 2015ರಲ್ಲಿ ‘ಕೀನೋಟ್-001’ ಎಂಬ ಪ್ರಯೋಗದಲ್ಲಿ ಒಟ್ಟು ರೋಗಿಗಳಲ್ಲಿ ಶೇ. 19ರಷ್ಟು ಮಂದಿಗೆ ಫಲಿಸಿದ್ದ ಔಷಧಿ ಈ ಗೆರೆ ದಾಟಿದವರಲ್ಲಿ ಶೇ. 45ರಷ್ಟು ಮಂದಿಗೆ ಫಲಿಸಿತ್ತು. ಉಪಯೋಗಕ್ಕೆ ಬರುವ ಗೆರೆ, ಅಷ್ಟೇ. ಗೆರೆ ದಾಟಿಯೂ ಅರ್ಧಕ್ಕಿಂತ ಹೆಚ್ಚು ಜನರಿಗೆ ಫಲಿಸಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ.

ಬಯಾಪ್ಸಿಯ ಚೂರು ಸುಳ್ಳು ಹೇಳುವುದಿಲ್ಲ ಎಂಬುದು ಈ ಇಪ್ಪತ್ತು ವರ್ಷಗಳ ಓದಿನಿಂದ ನಾನು ಮುಟ್ಟಿದ ತೀರ್ಮಾನ. ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಜೀನಿನ ಪ್ರಶ್ನೆಗೆ ಅದು ಸಾಮಾನ್ಯವಾಗಿ ಇಡೀ ಗಡ್ಡೆಯ ಪರವಾಗಿ ಉತ್ತರಿಸುತ್ತದೆ. ಪಿಡಿ-ಎಲ್1 ಪ್ರಶ್ನೆಗೆ ಅದು ಉತ್ತರಿಸುವುದು ಆ ಜಾಗದ, ಆ ದಿನದ ಮಾತನ್ನು. ಚಿಕಿತ್ಸೆಯಾದ ಮೇಲಂತೂ ಜೀನಿನ ಉತ್ತರವೂ ಬದಲಾಗಬಹುದು. ಗೆಫಿಟಿನಿಬ್ ಪಡೆದವರಲ್ಲಿ ಟಿ790ಎಂ ಎಂಬ ಎರಡನೇ ಮ್ಯುಟೇಶನ್ ಮೂಡಿ ಔಷಧಿ ನಾಟದಂತಾಗುವುದು 2005ರಲ್ಲೇ ತಿಳಿಯಿತು. ಅದಕ್ಕೆ ಒಸಿಮರ್ಟಿನಿಬ್ ಎಂಬ ಮದ್ದು 2015ರಲ್ಲಿ ಬಂತು. ಗಡ್ಡೆಯ ಬೇರೆ ಬೇರೆ ಮೂಲೆಗಳಿಂದ ರಕ್ತಕ್ಕೆ ಸೋರುವ ಡಿಎನ್‌ಎಯನ್ನೇ ಹಿಡಿದು ಓದುವ ಪರೀಕ್ಷೆಗೆ ಅಮೆರಿಕ 2016ರ ಜೂನ್‌ನಲ್ಲಿ ಮೊದಲ ಸಲ ಒಪ್ಪಿಗೆ ಕೊಟ್ಟಿತು. ಪಿಡಿ-ಎಲ್1 ಎಣಿಕೆಗೆ ಮಾತ್ರ ಇನ್ನೂ ಗಡ್ಡೆಯ ಚೂರೇ ಬೇಕು.

ನಮ್ಮಲ್ಲಿ ಆ ಚೂರಿಗೇ ಬರ. ಕೆಮ್ಮು, ಕಫದಲ್ಲಿ ರಕ್ತ, ಎಕ್ಸ್-ರೇಯಲ್ಲಿ ಮಚ್ಚೆ ಎಂದರೆ ಮೊದಲು ಕ್ಷಯವೆಂದೇ ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿ, ಆಮೇಲೆ ಕ್ಯಾನ್ಸರ್ ವೈದ್ಯರ ಬಳಿ ಬರುವವರು ಅನೇಕರು. ಅಷ್ಟರಲ್ಲಿ ರೋಗ ಹರಡಿರುತ್ತದೆ, ಶಸ್ತ್ರಚಿಕಿತ್ಸೆಯ ಮಾತಿಲ್ಲ, ಕೈಗೆ ಸಿಗುವುದು ಒಂದೆಳೆ ಬಯಾಪ್ಸಿ ಮಾತ್ರ. ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿಯಲು ಅದರಿಂದಲೇ ಒಂದಷ್ಟು ಪದರ, ಜೀನಿನ ಪರೀಕ್ಷೆಗೆ ಇನ್ನಷ್ಟು, ಕೊನೆಗೆ ಪಿಡಿ-ಎಲ್1ಗೆ ಹೋಗುವಷ್ಟರಲ್ಲಿ ಬ್ಲಾಕ್‌ನಲ್ಲಿ ಮೇಣವಷ್ಟೇ ಉಳಿದಿರುತ್ತದೆ. ಪರೀಕ್ಷೆಗಳಿಗೆ ದೂರ ಹೋಗಬೇಕಾಗಿಲ್ಲ, ಬೆಂಗಳೂರಿನಲ್ಲೇ ಗಡ್ಡೆಯ ಡಿಎನ್‌ಎ ಓದುವ ಲ್ಯಾಬ್‌ಗಳಿವೆ. ಗೆಫಿಟಿನಿಬ್ ದೇಶಿ ಕಂಪನಿಗಳಿಂದ ಅಗ್ಗವಾಗಿ ಸಿಗುತ್ತದೆ. 2024ರ ಜುಲೈ ಬಜೆಟ್ಟಿನಲ್ಲಿ ಒಸಿಮರ್ಟಿನಿಬ್ ಸೇರಿ ಮೂರು ಕ್ಯಾನ್ಸರ್ ಔಷಧಿಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ ತೆಗೆದುಹಾಕಿತು. ಪಿಡಿ-1 ಔಷಧಿಗಳು ಬಹುಪಾಲು ಮನೆಗಳಿಗೆ ಈಗಲೂ ಎಟುಕುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದರೆ ಪಿಡಿ-ಎಲ್1 ವರದಿಯ ಶೇಕಡಾವಾರನ್ನಷ್ಟೇ ನೋಡಬೇಡಿ. ಯಾವ ಪ್ರತಿಕಾಯದಿಂದ ಪರೀಕ್ಷಿಸಿದ್ದು, ಚೂರು ತೆಗೆದದ್ದು ಯಾವಾಗ, ಶ್ವಾಸಕೋಶದಿಂದಲೋ ಹರಡಿದ ಕಡೆಯಿಂದಲೋ, ಸಾಕಷ್ಟು ಕ್ಯಾನ್ಸರ್ ಕೋಶಗಳು ಸಿಕ್ಕಿದ್ದವೋ ಇಲ್ಲವೋ ಎಂದು ವೈದ್ಯರನ್ನು ಕೇಳಿ. ಚಿಕಿತ್ಸೆ ಬದಲಿಸುವ ಹೊತ್ತು ಬಂದರೆ, ಹಳೆಯ ಚೂರೇ ಸಾಕೋ ಹೊಸದು ಬೇಕೋ ಎಂದು ವಿಚಾರಿಸಿ. ಆಸ್ಪತ್ರೆ ಬದಲಿಸುವಾಗ ಸಿ.ಟಿ. ಫಿಲ್ಮು, ಡಿಸ್ಚಾರ್ಜ್ ಸಾರಾಂಶಗಳ ಜೊತೆ ಪ್ಯಾರಾಫಿನ್ ಬ್ಲಾಕನ್ನೂ ಕೇಳಿ ಪಡೆಯಿರಿ, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡದೆ ತಂಪಾದ ಜಾಗದಲ್ಲಿಡಿ, ಅದರ ಮೇಲಿನ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.